ಗೆಜೆಟೆಡ್ ಸಹಿಗೊಂದು ಆಡು

ಕಾವೇರಿಯ ಸ್ಕಾಲರ್‌ಶಿಪ್ ಅರ್ಜಿ ವಾಪಸ್ಸು ಬಂದದ್ದು ಅವಳ ಅಂಕ ಕಡಿಮೆಯಾಯಿತೆಂದಲ್ಲ, ಅಪ್ಪನ ಆದಾಯ ಹೆಚ್ಚಾಯಿತೆಂದೂ ಅಲ್ಲ. ಅಂಕಪಟ್ಟಿಯ ಜೆರಾಕ್ಸ್ ಮೇಲಿದ್ದ ಸಹಿ ನೀಲಿಯಾಗಿತ್ತು, ಅಷ್ಟೇ.

ಸಹಿ ಮಾಡಿದ್ದವರು ಅವಳ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರು. ಖಾಸಗಿ ಕಾಲೇಜಿನ ಬಡಪಾಯಿ. ಅವರ ಸಹಿಗೆ ಲ್ಯಾಬಿಗೆ ಎರಡು ಬಾಟಲಿ ಆಸಿಡ್ ತರಿಸುವಷ್ಟು ಶಕ್ತಿಯಿತ್ತೇ ಹೊರತು ಸರ್ಕಾರದ ಎದುರು ನಿಲ್ಲುವಷ್ಟಿರಲಿಲ್ಲ. ಶಿವಾಜಿನಗರದ ಕಡೆಯ ಸ್ಕಾಲರ್‌ಶಿಪ್ ಕಚೇರಿಯಲ್ಲಿ ತಂತಿಜಾಲರಿಯ ಹಿಂದೆ ಕೂತಿದ್ದ ಗುಮಾಸ್ತ ದುರ್ಗೇಶ ಅದನ್ನು ಎರಡು ಬೆರಳಲ್ಲಿ ಹಿಡಿದು, ಸತ್ತ ಜಿರಲೆಯನ್ನು ದಾಟಿಸುವಂತೆ ಈಚೆ ದಾಟಿಸಿದ್ದ.

"ಗೆಜೆಟೆಡ್ ಆಫೀಸರ್ ಸಹಿ ಬೇಕು ಕಣ್ರೀ. ಹಸಿರು ಇಂಕು. ಹಸಿರಿದ್ರೆ ಆಫೀಸರ್ರು, ನೀಲಿ ಇದ್ರೆ ನಮ್ಮ ನಿಮ್ಮಂಥೋರು. ನಾನು ಮುಖ ನೋಡಲ್ಲ, ಬಣ್ಣ ನೋಡ್ತೀನಿ. ಸೋಮವಾರ ಐದು ಗಂಟೆಗೆ ಲಾಸ್ಟು."

ಇದು ನಡೆದದ್ದು ಶುಕ್ರವಾರ. ಅರ್ಜಿ ಹಿಡಿದು ಜಾಲರಿಯ ಈಚೆ ನಿಂತಿದ್ದವನು ಕಾವೇರಿಯ ಅಪ್ಪ ಅಮೃತಪ್ಪ. ಸುರಪುರದ ಕಡೆಯಿಂದ ಬಂದು ಹಲಸೂರಿನ ವಠಾರವೊಂದರ ಒಂದೇ ಕೋಣೆಯಲ್ಲಿ ಹನ್ನೆರಡು ವರ್ಷದಿಂದ ಸಂಸಾರ ಹೂಡಿದ್ದ. ಇಂದಿರಾನಗರದಲ್ಲಿ ಆಫೀಸಾಗಿ ಬದಲಾಗಿದ್ದ ಬಂಗಲೆಯೊಂದರ ಗೇಟಿನಲ್ಲಿ ವಾಚ್‌ಮನ್ ಆಗಿದ್ದ. ಓದಿದ್ದು ನಾಲ್ಕನೇ ಇಯತ್ತೆ. ಆದರೆ ಸಹಿ ಮಾತ್ರ ನೋಡುವಂತಿತ್ತು. ಗೇಟಿನ ರಿಜಿಸ್ಟರಿನಲ್ಲಿ ದಿನಾ ಸಾಹೇಬರುಗಳು ಗೀಚುವ ಸಹಿಗಳನ್ನು ನೋಡಿ ನೋಡಿ, ಒಬ್ಬರದು ಬಾಲ, ಇನ್ನೊಬ್ಬರದು ಕೊಂಬು, ಮತ್ತೊಬ್ಬರದು ಅಡಿಗೆರೆ ಎರವಲು ತಂದು ಅವನು ತನ್ನದನ್ನು ಕಟ್ಟಿಕೊಂಡಿದ್ದ. ಅದನ್ನು ಹಾಕುವ ಸಂದರ್ಭವೇ ಅವನ ಬಾಳಿನಲ್ಲಿ ಬರುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಕಾಲೇಜಿನವರು ಖಡಾಖಂಡಿತ ಹೇಳಿದ್ದರು: ಅರ್ಜಿ ಸಲ್ಲಿಸಿದ ರಸೀದಿ ತಂದರೆ ಸ್ಕಾಲರ್‌ಶಿಪ್ ಬರುವವರೆಗೆ ಫೀಸಿಗೆ ಕಾಯುತ್ತೇವೆ, ಇಲ್ಲದಿದ್ದರೆ ಮಂಗಳವಾರ ಮಧ್ಯಾಹ್ನ ಹಾಜರಿಯಿಂದ ಹೆಸರು ಹೊಡೆಯುತ್ತೇವೆ. ಎರಡನೇ ವರ್ಷದ ಬಿ.ಎಸ್ಸಿ. ಅಮೃತಪ್ಪನ ವಂಶದಲ್ಲಿ ಅಷ್ಟು ದೂರ ಯಾರೂ ಹೋಗಿರಲಿಲ್ಲ. ಆ ರಸೀದಿಯೊಂದು ಸಿಕ್ಕರೆ ಸಾಕಿತ್ತು.

ಸೋಮವಾರ ಬೆಳಿಗ್ಗೆ ರಜೆ ಹಾಕಿ, ಭಾವಮೈದುನನ ಮದುವೆಯಲ್ಲಿ ಬಂದಿದ್ದ ಬಿಳಿ ಅಂಗಿ ತೊಟ್ಟು ಹೊರಬಿದ್ದವನನ್ನು ವಠಾರದ ಯಜಮಾನ ಮುನಿವೆಂಕಟಪ್ಪ ನಲ್ಲಿಯ ಹತ್ತಿರವೇ ತಡೆದ. ಮುನಿವೆಂಕಟಪ್ಪನಿಗೆ ಬಾಡಿಗೆ ಬಿಟ್ಟರೆ ಬೇರೆ ಕಸುಬಿಲ್ಲ. ಹಾಗಾಗಿ ಎಲ್ಲರ ಕೆಲಸವೂ ಅವನದೇ.

"ಗೆಜೆಟೆಡ್ಡಾ? ಅದಕ್ಯಾಕಪ್ಪಾ ತಲೆ ಕೆಡಿಸ್ಕೊಂತೀಯ? ನಮ್ಮ ಷಡ್ಡಕ ಇಲ್ಲೇ ಇಂದಿರಾನಗರದಾಗವ್ನೆ. ಗೌರ್ಮೆಂಟು ಆಫೀಸಲ್ಲಿ ಇಷ್ಟು ದೊಡ್ಡ ಟೇಬಲ್ಲು. ನನ್ನ ಹೆಸರೇಳು, ಕಣ್ಮುಚ್ಕೊಂಡು ಹಾಕ್ತಾನೆ."

ಅಮೃತಪ್ಪ ಇಂದಿರಾನಗರಕ್ಕೆ ನಡೆದ. ಷಡ್ಡಕನ ಟೇಬಲ್ಲು ನಿಜಕ್ಕೂ ದೊಡ್ಡದಾಗಿತ್ತು. ಮುನಿವೆಂಕಟಪ್ಪನ ಹೆಸರು ಕೇಳಿ ಆತ ಮೊದಲು ಮುಖ ಸಿಂಡರಿಸಿದ, ಆಮೇಲೆ ಅರ್ಜಿ ನೋಡಿ ಕಣ್ಣು ತೇವ ಮಾಡಿಕೊಂಡ.

"ಮೂವತ್ತು ವರ್ಷದಿಂದ ಹೆಡ್ ಕ್ಲರ್ಕಾಗೇ ಕೊಳೀತಿದೀನಿ ಕಣಪ್ಪಾ. ಪ್ರಮೋಷನ್ ಬಂದ್ರೆ ಬೇಕಾಗುತ್ತೆ ಅಂತ ಹಸಿರು ಇಂಕಿನ ಬಾಟ್ಲೂ ತಂದಿಟ್ಟಿದ್ದೆ. ಒಣಗೋಯ್ತು." ಮೂಗೊರೆಸಿಕೊಂಡು ದಾರಿ ತೋರಿಸಿದ: "ಶಿವಾಜಿನಗರದ ಹತ್ರ ದನದ ಆಸ್ಪತ್ರೆ ಇದೆ ನೋಡು. ಡಾಕ್ಟ್ರು ಗೆಜೆಟೆಡ್ಡು. ಕೈಗೆ ಸಿಗೋ ಆಫೀಸರ್ ಅಂದ್ರೆ ಅವರೊಬ್ರೇ."

ಮತ್ತೆ ಹಲಸೂರಿಗೆ ನಡೆದು ಬರುವಷ್ಟರಲ್ಲಿ ಹತ್ತೂವರೆ. ದನದ ಆಸ್ಪತ್ರೆಯ ಸುದ್ದಿ ಕೇಳಿ, ಹಿಂದಿನ ಮನೆಯ ಬಾಳೆಹಣ್ಣಿನ ಗಾಡಿಯ ಖಾದರ್ ಬಿದ್ದು ಬಿದ್ದು ನಕ್ಕ.

"ಖಾಲಿ ಕೈಯಲ್ಲಿ ಹೋಗ್ತೀರಾ ಅಮೃತಪ್ಪ ಭಾಯ್? ನಕ್ಕೋ, ಬೇಡ! ಪ್ರಾಣಿ ತಗೊಂಡು ಹೋಗಿಲ್ಲ ಅಂದ್ರೆ ಡಾಕ್ಟ್ರು ಪೆನ್ ಮುಟ್ಟಲ್ಲ. ಹೊಸಾ ರೂಲು. ನಮ್ಮ ಶಹಜಾದಿನ ಕರ್ಕೊಂಡು ಹೋಗಿ. ನಮ್ಮ ಗಲ್ಲಿಯೋರೆಲ್ಲಾ ಇವಳನ್ನೇ ಕರ್ಕೊಂಡು ಹೋಗೋದು. ಸಾಯಂಕಾಲ ಹಾಲು ಕರೆಯೋಕೆ ಮುಂಚೆ ತಂದ್ಬಿಡಿ, ಅಷ್ಟೇ."

ಶಹಜಾದಿ ಎಂದರೆ ಖಾದರನ ಆಡು. ಬಾಳೆಹಣ್ಣಿನ ಸಿಪ್ಪೆ ತಿಂದು ಬೆಳೆದ, ಕಿವಿಯಲ್ಲಿ ಕೆಂಪು ಮಣಿ ತೊಟ್ಟ, ಯಾರ ಮಾತನ್ನೂ ಕೇಳದ ಜೀವ. ಅಮೃತಪ್ಪ ಹಗ್ಗ ಹಿಡಿದ. ಕೋಣೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮಾನಮ್ಮ ಗಂಡನ ಬಿಳಿ ಅಂಗಿಯನ್ನೂ ಆಡನ್ನೂ ಒಂದೇ ನೋಟದಲ್ಲಿ ನೋಡಿದಳು.

"ಮಗಳ ಓದಿಗಿ ಆಡು ಯಾಕ್ರಿ?"

"ಸರ್ಕಾರದ ಕೆಲ್ಸ. ನಿನಗ ತಿಳಿಯಂಗಿಲ್ಲ," ಎಂದ ಅಮೃತಪ್ಪ. ಅವನಿಗೂ ತಿಳಿದಿರಲಿಲ್ಲ.

ಹಲಸೂರಿನಿಂದ ಶಿವಾಜಿನಗರಕ್ಕೆ ಮನುಷ್ಯ ಒಬ್ಬನೇ ನಡೆದರೆ ಮುಕ್ಕಾಲು ಗಂಟೆ. ಆಡಿನ ಜೊತೆಗೆ ಎಷ್ಟೆಂದು ಹೇಳುವುದು ಆಡಿಗೆ ಬಿಟ್ಟದ್ದು. ಆಟೋದವರು ಮೀಟರಿಗಿಂತ ಮೊದಲು ಆಡನ್ನು ನೋಡಿ ಗೇರು ಬದಲಿಸುತ್ತಿದ್ದರು. ಕೆರೆಯ ಬಳಿ ಮಿಲಿಟರಿ ಗೇಟಿನ ಜವಾನ ಹಿಂದಿಯಲ್ಲಿ ಗದರಿದ, ಏಕೆಂದರೆ ಶಹಜಾದಿ ಸರ್ಕಾರಿ ಹೂಕುಂಡದ ಕಡೆಗೆ ಕತ್ತು ಚಾಚಿದ್ದಳು. ಮುಂದೆ ಹೂವಿನವಳೊಬ್ಬಳ ಬುಟ್ಟಿಯಿಂದ ಒಂದು ಮೊಳ ಕನಕಾಂಬರ ಮಾಯವಾಯಿತು. ಹೂವಿನವಳು ತಮಿಳಿನಲ್ಲಿ ಅಮೃತಪ್ಪನ ಏಳು ತಲೆಮಾರನ್ನು ವಿಚಾರಿಸಿಕೊಂಡಳು. ಅರ್ಥವಾಗದಿದ್ದರೂ ಅವನು ಎಲ್ಲದಕ್ಕೂ ತಲೆ ತಗ್ಗಿಸಿ ಹತ್ತು ರೂಪಾಯಿ ಕೊಟ್ಟ.

ಆಸ್ಪತ್ರೆ ಮುಟ್ಟಿದಾಗ ಹನ್ನೆರಡು ದಾಟಿತ್ತು. ಜಗಲಿಯ ತುಂಬ ಸಾಲು. ಒಬ್ಬ ಹುಡುಗ ಪಿ.ಯು.ಸಿ. ಅಂಕಪಟ್ಟಿ ಮತ್ತು ಒಂದು ಕೋಳಿ ಹಿಡಿದಿದ್ದ. ಒಬ್ಬ ಹೆಂಗಸು ಮಗನ ಜಾತಿ ಪ್ರಮಾಣಪತ್ರದ ಜೊತೆ ಪಕ್ಕದ ಮನೆಯವರ ಗಿಳಿಪಂಜರ ತಂದಿದ್ದಳು. ಕಾಯಿಲೆಯ ಪ್ರಾಣಿ ಎಂಬುದು ಆ ಸಾಲಿನಲ್ಲಿ ಒಂದೂ ಇರಲಿಲ್ಲ. ಮನುಷ್ಯರ ಮುಖಗಳೇ ಸ್ವಲ್ಪ ಬಾಡಿದ್ದವು.

ಡಾಕ್ಟರ್ ಕಿರಣಕುಮಾರ್ ಕನ್ನಡಕದ ಮೇಲಿಂದ ನೋಡಿ ಎಲ್ಲರಿಗೂ ಒಂದೇ ಭಾಷಣ ಮಾಡುತ್ತಿದ್ದರು. "ಸರ್ಕಾರ ನನ್ನನ್ನ ಇಟ್ಟಿರೋದು ಪ್ರಾಣಿ ನೋಡೋಕೆ. ತಿಂಗಳ ಕೊನೆಗೆ ಎಷ್ಟು ಪ್ರಾಣಿ ನೋಡಿದ್ರಿ ಅಂತ ಮೇಲಿನವ್ರು ಲೆಕ್ಕ ಕೇಳ್ತಾರೆ. ಎಷ್ಟು ಅಂಕಪಟ್ಟಿ ನೋಡಿದ್ರಿ ಅಂತ ಯಾರೂ ಕೇಳಲ್ಲ! ಒಂದು ಸಹಿಗೆ ಒಂದು ಪ್ರಾಣಿ. ನೆಕ್ಸ್ಟ್!"

ಅಮೃತಪ್ಪನ ಸರದಿ ಬರುವ ಹೊತ್ತಿಗೆ ಊಟದ ವಿರಾಮ ಕಳೆದು ಮೂರೂಕಾಲು. ಡಾಕ್ಟರು ಶಹಜಾದಿಯನ್ನು ನೋಡಿದ ಕೂಡಲೇ ಪೆನ್ನು ಕೆಳಗಿಟ್ಟರು.

"ಇವಳು ಮತ್ತೆ ಬಂದ್ಲಾ? ಈ ತಿಂಗಳಲ್ಲಿ ಏಳನೇ ಸಲ. ಜಂತು ಆಯ್ತು, ಕೆಮ್ಮು ಆಯ್ತು, ಕಾಲು ಉಳುಕಿತ್ತು. ಇವತ್ತೇನಪ್ಪಾ?"

ಅಮೃತಪ್ಪನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಬೆವರಿದ. "ಏನಿಲ್ರಿ ಸಾಹೇಬ್ರ, ಆರಾಮ ಅದ."

"ಆರಾಮ ಅಂತ ರಿಜಿಸ್ಟರಲ್ಲಿ ಬರೆಯೋಕಾಗುತ್ತೇನ್ರೀ? ಏನಾದ್ರೂ ಹೇಳ್ರೀ!"

"ಹಂಗಾರ… ಮೇವು ತಿನ್ನವಲ್ದು ಅಂತ ಬರೀರಿ."

ಡಾಕ್ಟರು ಹಾಗೆಯೇ ಬರೆದು ಅರ್ಜಿಗೆ ಕೈಹಾಕಿದರು. ಹಸಿರು ಶಾಯಿಯ ಪೆನ್ನು ಜೆರಾಕ್ಸುಗಳ ಮೇಲೆ ಸರಸರ ಓಡಿತು. ಪಕ್ಕದಲ್ಲಿ ಅಟೆಂಡರ್ ಮುನಿಶಾಮಮ್ಮ ಒಂದರ ಹಿಂದೊಂದು ಸೀಲು ಕುಟ್ಟುತ್ತಿದ್ದಳು. ಬೆಳಿಗ್ಗೆಯಿಂದ ಕುಟ್ಟಿ ಕುಟ್ಟಿ ಅವಳ ಕೈ ತೂಕಡಿಸುತ್ತಿತ್ತು. ಕೊನೆಯ ಏಟಿಗೆ ಡಾಕ್ಟರು ಕಿಟಾರನೆ ಕಿರುಚಿದರು. ಕಾವೇರಿಯ ಅಂಕಪಟ್ಟಿಯ ಮೇಲೆ, ಕೆಮಿಸ್ಟ್ರಿ ಎಂಬತ್ತೆರಡು ಅಂಕದ ಪಕ್ಕದಲ್ಲೇ, ನೇರಳೆ ಬಣ್ಣದಲ್ಲಿ ದುಂಡಗೆ ಮೂಡಿತ್ತು: "ಪರೀಕ್ಷಿಸಲಾಗಿದೆ. ವಧೆಗೆ ಯೋಗ್ಯ."

"ಅಯ್ಯೋ, ಮಟನ್ ಸೀಲು ಸಾ," ಎಂದಳು ಮುನಿಶಾಮಮ್ಮ, ಮಹಾ ಏನೂ ಆಗಿಲ್ಲವೆಂಬಂತೆ.

ಅಮೃತಪ್ಪನ ಜೀವ ಬಾಯಿಗೆ ಬಂತು. ಡಾಕ್ಟರು ಸಮಾಧಾನಪಡಿಸಿ ಸೀಲಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಹಸಿರಿನಲ್ಲಿ ಚಿಕ್ಕ ಸಹಿ ಹಾಕಿ, ಸರಿಯಾದ ಸೀಲನ್ನು ತಾವೇ ಒತ್ತಿದರು. "ಹೆದರ್ಬೇಡಿ. ತಿದ್ದಿದ್ದಕ್ಕೆ ಗೆಜೆಟೆಡ್ ಸಹಿ ಬಿತ್ತು ಅಂದ್ರೆ ಮುಗೀತು. ಈಗ ರಿಜಿಸ್ಟರಲ್ಲಿ ಪ್ರಾಣಿ ಮಾಲೀಕ ಅಂತ ನೀವೊಂದು ಸಹಿ ಹಾಕಿ. ಮುನಿಶಾಮಮ್ಮ, ನಿನ್ನ ಪೆನ್ನೆಲ್ಲಿ? ಖಾಲೀನಾ? ಹೋಗ್ಲಿ, ಇದ್ರಲ್ಲೇ ಹಾಕ್ರೀ. ಜೋಪಾನ, ಇಡೀ ಆಸ್ಪತ್ರೆಗೆ ಇದೊಂದೇ ಹಸಿರು ಪೆನ್ನು."

ಅಮೃತಪ್ಪ ಪೆನ್ನು ಹಿಡಿದ. ಬಾಲ, ಕೊಂಬು, ಅಡಿಗೆರೆ ಎಲ್ಲ ಸೇರಿಸಿ ಸಹಿ ಹಾಕಿದ. ಹಸಿರಿನಲ್ಲಿ ಅದು ಎಷ್ಟು ಚಂದ ಕಂಡಿತೆಂದರೆ, ಒಂದು ಗಳಿಗೆ ಹಾಗೇ ನೋಡುತ್ತ ನಿಂತ. ಅಷ್ಟರಲ್ಲಿ, ಮೇವು ತಿನ್ನದ ಶಹಜಾದಿ ಟೇಬಲ್ಲಿಗೆ ಮುಂಗಾಲು ಕೊಟ್ಟು, ತನ್ನ ಕಾಯಿಲೆ ಬರೆದಿದ್ದ ಹಾಳೆಗೇ ಬಾಯಿ ಹಾಕಿದಳು. ಡಾಕ್ಟರು ರಿಜಿಸ್ಟರನ್ನು ಈಚೆಯಿಂದ ಎಳೆದರು, ಶಹಜಾದಿ ಆಚೆಯಿಂದ. ಕೋಳಿ ಹಾರಿತು. ಮುನಿಶಾಮಮ್ಮ ಪೊರಕೆ ತಂದಳು. ಎರಡೂ ಕೈಯಲ್ಲಿ ಹಗ್ಗ ಜಗ್ಗಬೇಕಾಗಿದ್ದ ಅಮೃತಪ್ಪ ಕೈಯಲ್ಲಿದ್ದುದನ್ನು ಜೇಬಿಗೆ ಸಿಕ್ಕಿಸಿ ಆಡನ್ನು ಹೊರಗೆಳೆದ.

"ಹೊರಡ್ರೀ ಮೊದ್ಲು! ಆಗಸ್ಟ್ ತಿಂಗಳೇ ತಿಂದ್ಬಿಡ್ತು!" ಡಾಕ್ಟರ ಕೂಗು ಬೀದಿಯವರೆಗೂ ಕೇಳಿಸಿತು.

ಸ್ಕಾಲರ್‌ಶಿಪ್ ಕಚೇರಿ ಅಲ್ಲಿಂದ ಹತ್ತು ನಿಮಿಷದ ದಾರಿ. ಶಹಜಾದಿಯನ್ನು ಧ್ವಜದ ಕಂಬಕ್ಕೆ ಕಟ್ಟಿ, ಜಾಲರಿಯ ಮುಂದಿನ ಸಾಲಿನಲ್ಲಿ ನಿಂತು, ಅಮೃತಪ್ಪ ನಾಲ್ಕೂಕಾಲಿಗೆ ದುರ್ಗೇಶನ ಎದುರು ಬಂದ. ದುರ್ಗೇಶ ಎಂದಿನಂತೆ ತಲೆಯೆತ್ತಲಿಲ್ಲ. ಹಾಳೆಗಳನ್ನು ತಿರುವಿದ.

"ಹಸಿರು. ಹಸಿರು. ಹಸಿರು. ಇದೇನಿದು… 'ವಧೆಗೆ ಯೋಗ್ಯ'?"

"ಅದು ತಪ್ಪಿ ಬಿದ್ದದ್ದು ರೀ," ಎಂದ ಅಮೃತಪ್ಪ.

ದುರ್ಗೇಶ ಹಾಳೆಯನ್ನು ಬೆಳಕಿಗೆ ಹಿಡಿದ. "ಹೊಡೆದು ಹಾಕಿದಾರೆ. ತಿದ್ದುಪಡಿಗೆ ಗೆಜೆಟೆಡ್ ಸಹಿ ಇದೆ. ಸರಿ." ಹುಡುಗಿಯನ್ನು ಕಡಿಯಬಹುದೆಂದು ಯಾರು, ಏಕೆ ಬರೆದರೆಂಬುದು ಅವನಿಗೆ ಬೇಕಿರಲಿಲ್ಲ. ರಸೀದಿ ಪುಸ್ತಕ ಈಚೆಗೆಳೆದು ಹೆಸರು ಬರೆಯತೊಡಗಿದ. ಅಮೃತಪ್ಪನಿಗೆ ಕಣ್ಣಲ್ಲಿ ನೀರು ಬಂತು. ಕಾವೇರಿಯ ಹೆಸರು ಸರ್ಕಾರದ ಪುಸ್ತಕದಲ್ಲಿ ಒಂದೊಂದೇ ಅಕ್ಷರವಾಗಿ ಮೂಡುತ್ತಿತ್ತು.

"ಇಲ್ಲಿ ತಂದೆ ಸಹಿ ಇಲ್ವಲ್ರೀ. ಹಾಕಿ ಬೇಗ."

ಸಹಿ! ಅಮೃತಪ್ಪ ಜೇಬಿಗೆ ಕೈಹಾಕಿದ, ಕೈಗೆ ಸಿಕ್ಕ ಪೆನ್ನು ತೆಗೆದ, ಜಾಲರಿಯ ಕಿಂಡಿಯಲ್ಲಿ ಕೈ ತೂರಿಸಿ ಜನ್ಮದಲ್ಲೇ ಒಳ್ಳೆಯ ಸಹಿಯೊಂದನ್ನು ಎಳೆದ. ಮಗಳ ಅರ್ಜಿ ಎಂದು ಅಡಿಗೆರೆ ಎರಡು ಹಾಕಿದ.

ದುರ್ಗೇಶ ಹಾಳೆ ನೋಡಿದ. ನಿಧಾನವಾಗಿ, ಆ ವರ್ಷದಲ್ಲಿ ಮೊದಲ ಸಲವೋ ಏನೋ, ತಲೆಯೆತ್ತಿದ. ಬಿಳಿ ಅಂಗಿ ಕಂಡಿತು. ಕುರ್ಚಿ ಹಿಂದಕ್ಕೆ ಸರಿಸಿ ಎದ್ದೇ ನಿಂತ.

"ಸಾರ್! ತಾವು ಲೈನಲ್ಲಿ ಯಾಕೆ ನಿಂತ್ರಿ ಸಾರ್? ಒಳಗೆ ಬನ್ನಿ, ಕೂತ್ಕೊಳ್ಳಿ. ಯಾರಯ್ಯ ಅಲ್ಲಿ, ಸಾಹೇಬ್ರಿಗೆ ಒಂದು ಟೀ!"

ಹನ್ನೆರಡು ವರ್ಷದಿಂದ ಗೇಟಿನಲ್ಲಿ ನಿಂತು ಹೋಗುವವರಿಗೆ ಬರುವವರಿಗೆ ಸಾರ್ ಎಂದವನು ಅಮೃತಪ್ಪ. ಅದು ತಿರುಗಿ ತನ್ನ ಕಡೆಗೇ ಬಂದಾಗ ಯಾರಿಗೋ ಹೇಳಿದ್ದೆಂದು ಹಿಂದೆ ತಿರುಗಿ ನೋಡಿದ. ಆಮೇಲೆ ಒಳಗೆ ಹೋಗಿ ಕುರ್ಚಿಯ ತುದಿಯಲ್ಲಿ ಕೂತ. ಎದೆ ಉಬ್ಬಿತು. ಹೆಣ್ಣುಮಗಳನ್ನು ಓದಿಸುವ ಅಪ್ಪನಿಗೆ ಸರ್ಕಾರ ಎಷ್ಟು ಮರ್ಯಾದೆ ಕೊಡುತ್ತದಲ್ಲ ಎನ್ನಿಸಿತು.

ದುರ್ಗೇಶ ಕೈ ಹೊಸಕಿಕೊಂಡ. "ತಮಗೆ ಗೊತ್ತಿರೋದೇ ಸಾರ್. ಆಫೀಸರ್ ಮಕ್ಕಳಿಗೆ ಈ ಸ್ಕಾಲರ್‌ಶಿಪ್ ಬರಲ್ಲ."

"ನಾ ಆಫೀಸರ್ ಅಲ್ರಿ. ವಾಚ್‌ಮನ್."

"ತಮಾಷೆ ಮಾಡ್ಬೇಡಿ ಸಾರ್. ಹಸಿರಲ್ಲಿ ಸಹಿ ಮಾಡಿದೀರ." ಅಷ್ಟರಲ್ಲಿ ಅವನ ಕಣ್ಣು ಅರ್ಜಿಯ ಮೇಲಿನ ಸಾಲಿಗೆ ಹೋಯಿತು: ತಂದೆಯ ಉದ್ಯೋಗ ಕಾವಲುಗಾರ, ವಾರ್ಷಿಕ ಆದಾಯ ಹದಿನೆಂಟು ಸಾವಿರ. ಮುಖ ಬಿಗಿಯಿತು. "ಏನ್ ಸಾರ್ ಇದು? ಗೆಜೆಟೆಡ್ ಆಗಿ ವಾಚ್‌ಮನ್ ಅಂತ ಇನ್‌ಕಮ್ ಸರ್ಟಿಫಿಕೇಟ್ ಮಾಡ್ಸಿದೀರಲ್ಲ! ತಮ್ಮಂಥೋರೇ ಬಡವರ ಹೊಟ್ಟೆ ಮೇಲೆ ಹೊಡೆದ್ರೆ ಹೆಂಗೆ ಸಾರ್?"

ಸಾಲಿನಲ್ಲಿದ್ದವರು ಕಿವಿ ನಿಮಿರಿಸಿದರು. "ನೋಡ್ರಪ್ಪಾ, ಆಫೀಸರ್‌ಗಳೇ ಹಿಂಗೆ," ಎಂದು ಯಾರೋ ಅಂದರು. ಅಮೃತಪ್ಪ ಸೆಕ್ಯುರಿಟಿ ಕಂಪನಿಯ ಗುರುತಿನ ಚೀಟಿ ತೆಗೆದು ತೋರಿಸಿದ. ಫೋಟೋದಲ್ಲಿ ಟೋಪಿ, ಸೀಟಿ ಎಲ್ಲ ಇತ್ತು. ಅದೇ ಹೊತ್ತಿಗೆ ಕಂಬದ ಕಡೆಯಿಂದ ಶಹಜಾದಿ ಜೋರಾಗಿ ಕೂಗಿ, ಇವನು ನನ್ನ ಕಡೆಯವನೇ ಎಂದು ಸಾಕ್ಷಿ ಹೇಳಿದಳು.

ದುರ್ಗೇಶನಿಗೆ ತಾನು ಎದ್ದು ನಿಂತದ್ದು ನೆನಪಾಗಿ ಮೈ ಉರಿಯಿತು. "ಏಳ್ರೀ ಮೇಲೆ!" ಎಂದ. ಟೀ ತಂದವನನ್ನು ಬಾಗಿಲಿಂದಲೇ ವಾಪಸ್ಸು ಕಳಿಸಿದ.

"ತಪ್ಪಾತ್ರಿ ಸಾಹೇಬ್ರ. ಅದನ್ನ ಹೊಡದು ಹಾಕಿ ನೀಲಿದಾಗ ಮಾಡ್ತೀನ್ರಿ. ಮಗಳ ಹೆಸರು ಹೊಡೀತಾರ್ರಿ ನಾಳೆ," ಎಂದು ಅಮೃತಪ್ಪ ಹೊರಗೆ ಬಂದು ಜಾಲರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಹೊಡೆದು ಹಾಕಿ. ಯಾರು ಬೇಡ ಅಂದ್ರು?" ದುರ್ಗೇಶ ಅರ್ಧ ಬರೆದ ರಸೀದಿಯನ್ನು ಪುಸ್ತಕದಲ್ಲೇ ಮಡಚಿಟ್ಟ. "ಆದ್ರೆ ತಿದ್ದುಪಡಿಗೆ ಗೆಜೆಟೆಡ್ ಆಫೀಸರ್ ಸಹಿ ಬೇಕು. ಹಸಿರಲ್ಲಿ." ಆಮೇಲೆ ಅವನ ಮುಖ ನೋಡಿ ದನಿ ಸ್ವಲ್ಪ ಇಳಿಸಿದ. "ಅರ್ಜಿಗಳ ಕಟ್ಟು ಹೆಡ್ಡಾಫೀಸಿಗೆ ಹೋಗೋದು ನಾಳೆ ಹನ್ನೊಂದಕ್ಕೆ. ಅಷ್ಟರೊಳಗೆ ತಂದ್ರೆ ಇವತ್ತಿನ ತಾರೀಖೇ ಹಾಕ್ತೀನಿ. ಹೋಗಿ."

ಅಮೃತಪ್ಪ ಓಡಿದ. ಈ ಸಲ ಶಹಜಾದಿಯೂ ಓಡಿದಳು. ಅವಳಿಗೆ ಆಸ್ಪತ್ರೆಯ ದಾರಿ ಅವನಿಗಿಂತ ಚೆನ್ನಾಗಿ ಗೊತ್ತಿತ್ತು.

ಆಸ್ಪತ್ರೆಯ ಜಗಲಿ ಖಾಲಿ. ಗೇಟಿಗೆ ಒಂದು ಕಾಗದ ಅಂಟಿಸಿತ್ತು. ಅಮೃತಪ್ಪ ಏದುಸಿರು ಬಿಡುತ್ತ ಅಕ್ಷರ ಅಕ್ಷರವಾಗಿ ಓದಿದ. "ಹಸಿರು ಪೆನ್ನು ಕಳುವಾಗಿರುವುದರಿಂದ ಇಂದು ದೃಢೀಕರಣ ಇರುವುದಿಲ್ಲ. ಆಡುಗಳು ಕಡತ ತಿನ್ನುತ್ತಿರುವುದರಿಂದ ನಾಳೆಯಿಂದ ಹಸು ಅಥವಾ ಎಮ್ಮೆ ತಂದವರಿಗೆ ಮಾತ್ರ."

ಮುನಿಶಾಮಮ್ಮ ಬೀಗ ಹಾಕುತ್ತಿದ್ದಳು. "ಡಾಕ್ಟ್ರಾ? ಹಸಿರು ಪೆನ್ನು ಹುಡುಕ್ಕೊಂಡು ಕಮರ್ಷಿಯಲ್ ಸ್ಟ್ರೀಟ್‌ಗೆ ಹೋದ್ರು. ಹಂಗೇ ಮನೆಗೋಯ್ತಾರೆ. ಯಾವನೋ ಕಳ್ಳ ನನ್ಮಗ ಎತ್ಕೊಂಡೋಗವ್ನೆ. ನಲವತ್ತು ಜನ ಕೋಳಿ ಕುರಿ ಹಿಡ್ಕೊಂಡು ಬಾಯಿಗೆ ಬಂದಂಗೆ ಬಯ್ಕೊಂಡೋದ್ರು. ಕೈಗೆ ಸಿಕ್ರೆ ಎತ್ತಿಗೆ ಚುಚ್ಚೋ ಸೂಜಿ ಚುಚ್ತೀನಿ ಅಂದವ್ರೆ ಡಾಕ್ಟ್ರು."

ಅಮೃತಪ್ಪನ ಬಲಗೈ ತಾನಾಗಿ ಮೇಲೆದ್ದು ಅಂಗಿಯ ಜೇಬನ್ನು ಮುಚ್ಚಿಕೊಂಡಿತು. "ಬರ್ತೀನವ್ವಾ," ಎಂದು ಹಿಂದೆ ಹಿಂದಕ್ಕೆ ಹೆಜ್ಜೆ ಇಟ್ಟ.

ವಠಾರಕ್ಕೆ ಬರುವಾಗ ಆರೂವರೆ. ಖಾದರ್ ಮೊದಲು ಆಡಿನ ಮೈ ನೇವರಿಸಿ ಆಮೇಲೆ ಅಮೃತಪ್ಪನ ಕ್ಷೇಮ ಕೇಳಿದ. ಕಾವೇರಿ ಪುಸ್ತಕ ಮುಚ್ಚಿಟ್ಟು ಎದ್ದು ಬಂದಳು. "ಅಪ್ಪಾ, ರಸೀದಿ?"

ಅವಳ ಮುಖ ನೋಡುವ ಧೈರ್ಯ ಅಮೃತಪ್ಪನಿಗೆ ಬರಲಿಲ್ಲ. ಬೆವರಿನಿಂದ ಒದ್ದೆಯಾಗಿ ಆಡಿನ ವಾಸನೆ ಹೊಡೆಯುತ್ತಿದ್ದ ಅಂಗಿಯನ್ನು ಬಿಚ್ಚಿ ಮಾನಮ್ಮನ ಕೈಗೆ ಕೊಟ್ಟ. "ಅರ್ಧ ಬರದಾರವ್ವ. ನಾಳೆ ಹನ್ನೊಂದರೊಳಗ ಪೂರಾ ಆಗ್ತದ. ಪೆನ್ನು ನನ್ನ ಹತ್ರನೇ ಅದ, ಸಾಹೇಬ್ರ ಕಾಲಿಗಿ ಬಿದ್ದು ಕೊಟ್ಟು ಸಹಿ ಹಾಕಸ್ಕೊಂತೀನಿ." ಆಮೇಲೆ ಎಲ್ಲವನ್ನೂ ಕೇಳುತ್ತ ನಿಂತಿದ್ದ ಮುನಿವೆಂಕಟಪ್ಪನ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಅಣ್ಣಾ, ಇಲ್ಲಿ ಯಾರ ಮನ್ಯಾಗರ ಎಮ್ಮಿ ಅದಾವೇನ್ರಿ?"

ಮುನಿವೆಂಕಟಪ್ಪನ ಮುಖ ಅರಳಿತು. "ಎಮ್ಮೆನಾ? ನಮ್ಮ ಇನ್ನೊಬ್ಬ ಷಡ್ಡಕ ಮಹದೇವಪುರದಾಗವ್ನಲ್ಲ! ಎರಡು ಕಟ್ಟವ್ನೆ. ನಾಲ್ಕು ಗಂಟೆಗೆ ಎದ್ದೋದ್ರೆ ಹತ್ತಕ್ಕೆಲ್ಲ ಹೊಡ್ಕೊಂಡು ಬರ್ಬೋದು. ಸ್ವಲ್ಪ ಹಾಯ್ತದೆ, ಅಷ್ಟೇ."

ಅಮೃತಪ್ಪ ತಲೆಯಾಡಿಸಿದ. ದೊಡ್ಡ ಚಿಂತೆಯೊಂದು ಇಳಿದಂತಾಯಿತು.

ನಾಳೆಯೂ ಗಂಡ ಅಧಿಕಾರಿಗಳ ಮುಂದೆ ನಿಲ್ಲಬೇಕಲ್ಲ ಎಂದು ಮಾನಮ್ಮ ಆಗಲೇ ಅಂಗಿಯನ್ನು ನಲ್ಲಿಯ ಬುಡದ ಬಕೆಟ್ಟಿನಲ್ಲಿ ನೆನೆಹಾಕಿ, ಸೋಪಿನ ಪುಡಿ ಉದುರಿಸಿ ಚೆನ್ನಾಗಿ ಅದುಮಿದ್ದಳು. ಬಕೆಟ್ಟಿನ ನೀರು ನಿಧಾನವಾಗಿ ಹಸಿರಾಗುತ್ತಿತ್ತು.